ಮಾತಿಲ್ಲದ ನಗೆ, ಮಾತಿನ ನಗೆ

ಮೊನ್ನೆ ಸಾಯಂಕಾಲ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು ಈ ಲೇಖನಕ್ಕೆ ಕಾರಣವಾಯಿತು. ಆರು ವರ್ಷದ ಮೊಮ್ಮಗನು ಟೆಲಿವಿಷನ್ನಿನ ಮುಂದೆ ಕುಳಿತು 'ಟಾಮ್ ಅಂಡ್ ಜೆರಿ' ನೋಡುತ್ತಿದ್ದನು. ಎಂಬತ್ತು ದಾಟಿದ ನಮ್ಮ ಮಾತೃಶ್ರೀಯವರು ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಇಲಿಯನ್ನು ಅಟ್ಟಿಸಿಕೊಂಡು ಹೋದ ಬೆಕ್ಕು ತಾನೇ ಗೋಡೆಗೆ ಅಪ್ಪಳಿಸಿದಾಗ ಇಬ್ಬರೂ ಒಟ್ಟಿಗೆ ನಕ್ಕರು. "ನಮ್ಮೂರ ಗೊಂಬೆಯಾಟದ ಕಿಳ್ಳೇಕ್ಯಾತನ ಹಾಗೇ ಇದೆಯಲ್ಲೋ ಇದು!" ಎಂದು ಮಾತೃಶ್ರೀಯವರು ಉದ್ಗರಿಸಿದರು. ಬಳಿಕ ಕಾಲೇಜಿನಲ್ಲಿ ಓದುವ ನಮ್ಮ ಮಗಳು ಬಂದು ಈಗಿನ ಇಂಗ್ಲಿಷ್ ಕಾರ್ಟೂನೊಂದನ್ನು ಹಾಕಿದಳು. ಅವಳೊಬ್ಬಳೇ ನಕ್ಕಳು. "ಏನಂದನೇ ಅವನು?" ಎಂದು ಅಜ್ಜಿ ಎರಡು ಬಾರಿ ಕೇಳಿ, ಉತ್ತರ ಬಾರದಿರಲು, ಮತ್ತೆ ಬತ್ತಿ ಹೊಸೆಯತೊಡಗಿದರು.

ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಮಣ್ಣು ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಒಂದೇ ಕಲೆಯ ಎರಡು ಕಾಲದ ನಗೆಗಳಲ್ಲಿ ಇಷ್ಟು ಅಂತರವೇಕೆ ಬಂದಿತು, ಅದರಿಂದ ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂಬುದಷ್ಟೇ ನಮ್ಮ ಅಪೇಕ್ಷೆ.

ಅಮೆರಿಕದ ಹಳೆಯ ಕಾರ್ಟೂನುಗಳು ಮಕ್ಕಳಿಗಾಗಿಯೇ ಹುಟ್ಟಿದುವಲ್ಲ. ಅವು ಚಿತ್ರಮಂದಿರದಲ್ಲಿ ಮುಖ್ಯ ಚಿತ್ರದ ಜೊತೆಗೆ ತೋರಿಸಲ್ಪಡುತ್ತಿದ್ದ ಏಳೆಂಟು ನಿಮಿಷಗಳ ಕಿರುಚಿತ್ರಗಳು. ಮುದುಕರಿಂದ ಮಗುವಿನವರೆಗೆ ಸರ್ವರೂ ಒಂದೇ ಸೂರಿನಡಿ ಕುಳಿತು ನೋಡುವಂಥವು. ವಿಲಿಯಂ ಹ್ಯಾನ ಮತ್ತು ಜೋಸೆಫ್ ಬಾರ್ಬೆರರು 1940ರಲ್ಲಿ ಎಂ.ಜಿ.ಎಂ. ಸಂಸ್ಥೆಗಾಗಿ ಆರಂಭಿಸಿದ ಬೆಕ್ಕು-ಇಲಿಗಳ ಮಾಲೆಯು ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಆ ಬೆಕ್ಕಾಗಲಿ ಇಲಿಯಾಗಲಿ ಬಾಯಿ ಬಿಟ್ಟು ಮಾತನಾಡುವುದು ಬಹು ಅಪೂರ್ವ. ಮಾತಿನ ಕೆಲಸವನ್ನೆಲ್ಲ ಸ್ಕಾಟ್ ಬ್ರಾಡ್ಲಿಯವರ ಸಂಗೀತವೂ ಚಿತ್ರಕಾರರ ಕುಂಚವೂ ಮಾಡಿದುವು. 1947ರ 'ದಿ ಕ್ಯಾಟ್ ಕನ್ಸರ್ಟೊ' ಚಿತ್ರದಲ್ಲಿ ಬೆಕ್ಕು ಗಂಭೀರವಾಗಿ ಪಿಯಾನೊ ನುಡಿಸುವುದು, ಒಳಗೆ ಮಲಗಿದ್ದ ಇಲಿ ಎಚ್ಚೆತ್ತು ಕಾಡುವುದು, ಇಷ್ಟೂ ಕಲಹದ ನಡುವೆ ಲಿಸ್ಟ್ ಮಹಾಶಯನ ಸಂಗೀತವು ತಾಳ ತಪ್ಪದೆ ಸಾಗುವುದು. ಹಿಡಿದ ಕಚೇರಿಯನ್ನು ಬಿಡಲಾರದ ವಿದ್ವಾಂಸನ ಪಾಡು ಯಾವ ದೇಶದವನಿಗೆ ತಿಳಿಯದು?

ಚಕ್ ಜೋನ್ಸ್ ಎಂಬ ಮತ್ತೊಬ್ಬ ನಿರ್ದೇಶಕರು 1949ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿ ರೋಡ್ ರನ್ನರ್ ಹಕ್ಕಿಯನ್ನೂ ಅದನ್ನು ಬೆನ್ನಟ್ಟುವ ಕೊಯೊಟಿ ಎಂಬ ತೋಳವನ್ನೂ ಸೃಷ್ಟಿಸಿದರು. ತೋಳಕ್ಕೆ ಬರುವ ಪೆಟ್ಟು ಅದರ ಸ್ವಂತ ಮೌಢ್ಯದಿಂದ ಅಥವಾ ಅದು ತರಿಸಿಕೊಂಡ ಯಂತ್ರಗಳಿಂದ ಬರಬೇಕು, ನೋಡುವವರ ಮರುಕವು ತೋಳದ ಕಡೆಗೇ ಇರಬೇಕು ಎಂಬುದು ಅವರು ಹಾಕಿಕೊಂಡ ನಿಯಮ. ಓಡಿದ ಭರದಲ್ಲಿ ತೋಳವು ಬೆಟ್ಟದ ಅಂಚನ್ನು ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಕೆಳಗೆ ನೋಡುವವರೆಗೆ ಬೀಳುವುದಿಲ್ಲ. ಆ ಒಂದು ಕ್ಷಣದ ತಡೆಯಲ್ಲಿಯೇ ನಗೆಯೆಲ್ಲ ಅಡಗಿದೆ. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಪಟ್ಟಿಯಲ್ಲಿ ನಾಲ್ಕಾರು ಚೌಕಟ್ಟು ಹೆಚ್ಚು ಕಡಿಮೆಯಾದರೂ ನಗೆ ಕೆಡುವುದೆಂದು ಬಲ್ಲವರು ಅದನ್ನು ರಚಿಸಿದರು.

ಈ ನಗೆಯು ಕುಂದಿದುದು ರಸಿಕತೆಯ ಅಭಾವದಿಂದಲ್ಲ, ಹಣದ ಲೆಕ್ಕಾಚಾರದಿಂದ. ಟೆಲಿವಿಷನ್ ಮನೆಮನೆಗೆ ಬಂದಿತು, ಎಂ.ಜಿ.ಎಂ. ತನ್ನ ಕಾರ್ಟೂನು ವಿಭಾಗವನ್ನು 1957ರಲ್ಲಿ ಮುಚ್ಚಿತು. ಹ್ಯಾನ-ಬಾರ್ಬೆರರು ಟೆಲಿವಿಷನ್ನಿಗಾಗಿ ಅತ್ಯಲ್ಪ ವೆಚ್ಚದಲ್ಲಿ ವಾರ ವಾರವೂ ಚಿತ್ರ ಒದಗಿಸಬೇಕಾಯಿತು. 1958ರಲ್ಲಿ ಬಂದ ಯೋಗಿ ಎಂಬ ಕರಡಿಯ ಕೊರಳಲ್ಲಿ ಕಾಲರು, ಟೈ ಏಕಿವೆಯೆಂದು ಬಲ್ಲಿರಾ? ಅಲಂಕಾರಕ್ಕಲ್ಲ. ಕಾಲರಿನ ಗೆರೆಯಲ್ಲಿ ತಲೆಯನ್ನು ದೇಹದಿಂದ ಬೇರೆ ಮಾಡಿ, ದೇಹವನ್ನು ಹಾಗೆಯೇ ಇಟ್ಟು, ತಲೆಯನ್ನಷ್ಟೇ ಮತ್ತೆ ಮತ್ತೆ ಬರೆಯಬಹುದೆಂಬ ಉಳಿತಾಯದ ಉಪಾಯವದು! ದೇಹ ನಿಂತಲ್ಲಿ ನಾಲಿಗೆ ನಡೆಯಲೇಬೇಕಷ್ಟೆ. ಅಂದಿನಿಂದ ಕಾರ್ಟೂನಿನ ನಗೆಯು ಚಿತ್ರಕಾರನ ಕೈಯಿಂದ ಸಂಭಾಷಣಕಾರನ ಕೈಗೆ ದಾಟಿತು.

ಹಾಗೆಂದು ಮಾತಿನ ನಗೆಯನ್ನು ನಾವು ಹೀಗಳೆಯಲಾರೆವು. 1989ರಲ್ಲಿ ಆರಂಭವಾದ 'ದಿ ಸಿಂಪ್ಸನ್ಸ್' ಅಮೆರಿಕದ ಶಾಲೆ, ಚರ್ಚು, ಕಾರ್ಖಾನೆ, ಸಂಸಾರ ಯಾವುದನ್ನೂ ಬಿಡದೆ ವಿಡಂಬಿಸಿತು. 1997ರ 'ಸೌತ್ ಪಾರ್ಕ್' ಒಂದೊಂದು ಕಂತನ್ನು ಆರೇ ದಿನಗಳಲ್ಲಿ ಸಿದ್ಧಪಡಿಸಿ, ಆ ವಾರದ ವಾರ್ತೆಗೆ ಆ ವಾರವೇ ಚುಚ್ಚುನುಡಿ ಹೇಳುವುದನ್ನು ರೂಢಿಸಿತು. ಹಳೆಯ ಬೆಕ್ಕು-ಇಲಿಗಳಿಗೆ ಈ ಧೈರ್ಯವಿರಲಿಲ್ಲ; ಅಧಿಕಾರಸ್ಥರನ್ನು ಹೆಸರು ಹಿಡಿದು ಕೇಳುವ ಕೆಲಸಕ್ಕೆ ಮಾತು ಬೇಕೇ ಬೇಕು. ಈ ದೃಷ್ಟಿಯಿಂದ ಇವು ಪತ್ರಿಕೆಗಳ ದಾಯಾದಿಗಳು. ಪತ್ರಿಕೆಗಳ ದುರ್ದೈವವೂ ಇವಕ್ಕೆ ತಪ್ಪಿದುದಲ್ಲ. ನಿನ್ನೆಯ ಪತ್ರಿಕೆಯಲ್ಲಿ ಅಂಗಡಿಯವನು ಇಂದು ಕಡಲೆ ಕಟ್ಟುವನು. ವಾರ್ತೆಯನ್ನು ಮರೆತವನಿಗೆ ವಾರ್ತೆಯ ಮೇಲಿನ ಹಾಸ್ಯವು ಒಗಟಾಗುವುದು.

ನಗೆಗೆ ಇನ್ನೊಂದು ಪರೀಕ್ಷೆಯುಂಟು: ಅದು ಯಾರ ಬೆನ್ನ ಮೇಲೆ ಬೀಳುತ್ತದೆ? ಇದರಲ್ಲಿ ಎರಡು ಕಾಲಗಳೂ ಸೋತಿರುವುವು. 'ಟಾಮ್ ಅಂಡ್ ಜೆರಿ'ಯ ಮನೆಗೆಲಸದ ಕರಿಯ ಹೆಂಗಸಿನ ಚಿತ್ರಣವು ಒಂದು ಜನಾಂಗವನ್ನೇ ಹೀಯಾಳಿಸುವಂಥದು. ಮುಂದೆ ಟೆಲಿವಿಷನ್ನಿಗಾಗಿ ಅವಳ ಧ್ವನಿಯನ್ನೇ ಬದಲಿಸಬೇಕಾಯಿತು. ವಾರ್ನರ್ ಸಂಸ್ಥೆಯ 11 ಕಾರ್ಟೂನುಗಳು ಇಂಥದೇ ಕಾರಣಕ್ಕಾಗಿ 1968ರಿಂದ ಟೆಲಿವಿಷನ್ ಪ್ರಸಾರದಿಂದ ಹೊರಗುಳಿದುವು. ಹೊಸಬರಾದರೂ ಪಾಠ ಕಲಿತರೇ? 'ದಿ ಸಿಂಪ್ಸನ್ಸ್' ಮಾಲೆಯ ಭಾರತೀಯ ಅಂಗಡಿಕಾರ ಅಪುವಿಗೆ ಬಿಳಿಯ ನಟ ಹ್ಯಾಂಕ್ ಅಜೇರಿಯ ಅವರು ದಶಕಗಟ್ಟಲೆ ಅಣಕದ ಉಚ್ಚಾರದಲ್ಲಿ ಧ್ವನಿ ಕೊಟ್ಟರು. ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳು ಶಾಲೆಯಲ್ಲಿ ಆ ಅಣಕವನ್ನು ಕೇಳಿ ತಲೆ ತಗ್ಗಿಸಿದ ಕಥೆಯನ್ನು ಹರಿ ಕೊಂಡಬೋಲು ಅವರು 2017ರ ಸಾಕ್ಷ್ಯಚಿತ್ರದಲ್ಲಿ ಬಯಲಿಗಿಟ್ಟರು. 2020ರಲ್ಲಿ ಆ ನಟರು ಪಾತ್ರವನ್ನು ಬಿಟ್ಟುದಾಗಿ ತಿಳಿಸಿದರು. ತನ್ನ ಮೌಢ್ಯದಿಂದ ತಾನೇ ಬೀಳುವ ತೋಳವನ್ನು ಕಂಡು ನಗುವುದು ಬೇರೆ, ಪರರ ಬಣ್ಣವನ್ನೋ ನುಡಿಯ ಧಾಟಿಯನ್ನೋ ಕಂಡು ನಗುವುದು ಬೇರೆ. ಮೊದಲನೆಯದರಲ್ಲಿ ನಾವು ನಮ್ಮನ್ನೇ ಕಾಣುತ್ತೇವೆ.

ಮಾತಿಲ್ಲದ ನಗೆಯ ಕಾಲ ಮುಗಿಯಿತೆಂದು ಹೇಳುವವರಿಗೆ 2007ರಲ್ಲಿ ಇಂಗ್ಲೆಂಡಿನಿಂದ ಬಂದ 'ಶಾನ್ ದಿ ಶೀಪ್' ತಕ್ಕ ಉತ್ತರವಾಗಿದೆ. ಆದರೆ ನಮ್ಮ ದೇಶದ ವಾಹಿನಿಗಳ ವಿವೇಕವನ್ನು ನೋಡಿರಿ! 1998ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ 'ಆಗಿ ಅಂಡ್ ದಿ ಕಾಕ್ರೋಚಸ್' ಮೂಲದಲ್ಲಿ ಮಾತಿಲ್ಲದ್ದು. ಇಲ್ಲಿ ಅದರ ಪಾತ್ರಗಳ ಬಾಯಿಗೆ ಹಿಂದಿ ಸಂಭಾಷಣೆಯನ್ನು ತುರುಕಿದರು. ಯಾವ ಭಾಷೆಯೂ ಬೇಡದೆ ಎಲ್ಲರಿಗೂ ತಿಳಿಯುತ್ತಿದ್ದುದನ್ನು ಒಂದು ಭಾಷೆ ಬಲ್ಲವರ ಸೊತ್ತಾಗಿ ಮಾಡಿದಂತಾಯಿತು.

ಆದುದರಿಂದ ನಮ್ಮ ಅಭಿಪ್ರಾಯವು ಸ್ಪಷ್ಟ. ಮಾತಿಲ್ಲದ ನಗೆಗೆ ಮಾತು ಅಂಟಿಸುವ ಚಪಲವನ್ನು ಬಿಡಬೇಕು. ಮಾತಿನ ನಗೆಯೇ ಬೇಕೆಂದರೆ ಅದು ಕನ್ನಡ ಮನೆಗಳಿಗೆ ಕನ್ನಡದಲ್ಲಿ, ಅದೂ ಪದಕ್ಕೆ ಪದವಿಟ್ಟ ಅನುವಾದವಾಗಿ ಅಲ್ಲ, ನಮ್ಮ ಕೇರಿ, ಸಂತೆ, ಕಚೇರಿಗಳನ್ನು ಬಲ್ಲವರ ಲೇಖನಿಯಿಂದ ಬರಬೇಕು. ನಗೆಯೆಂಬುದು ಕೂಡಿ ಉಣ್ಣುವ ಊಟ. ಮನೆಯ ಒಬ್ಬರು ಉಣ್ಣುತ್ತಿರಲು ಮತ್ತೊಬ್ಬರು "ಏನಂದನೇ ಅವನು?" ಎಂದು ಬರಿದೆಲೆಯ ಮುಂದೆ ಕುಳಿತಿರುವುದು ಆ ಮನೆಗೆ ಶೋಭೆಯಲ್ಲ.