ಹೊಲಕ್ಕೂ ಔಷಧ, ಹೊಟ್ಟೆಗೂ ಔಷಧ

ಜತ್ತ ಸೀಮೆಯ ದ್ರಾಕ್ಷಿ ತೋಟದಲ್ಲಿ ಮರಾಠಿ ರೈತ 'ಫವಾರಣಿ' ಎನ್ನುವುದನ್ನು ಪಕ್ಕದ ಬದುವಿನ ಕನ್ನಡಿಗ 'ಎಣ್ಣಿ ಹೊಡಿಯೂದು' ಎನ್ನುತ್ತಾನೆ. ಆದವಾನಿಯ ಹತ್ತಿ ಹೊಲದಲ್ಲಿ ಅದೇ ಕೆಲಸಕ್ಕೆ ತೆಲುಗಿನವರು 'ಮಂದು ಕೊಟ್ಟಡಂ' ಅಂತಾರೆ. ಹೊಸೂರಿನ ತಮಿಳರಿಗೆ ಅದು 'ಮರುಂದು ಅಡಿಕ್ಕಿರದು'. ತೆಲುಗಿನ ಮಂದು, ತಮಿಳಿನ ಮರುಂದು, ಕಾಸರಗೋಡಿನ ಮಲೆಯಾಳಂ ಮರುನ್ನು, ನಮ್ಮ ಮದ್ದು ಎಲ್ಲವೂ ಒಂದೇ ಬೇರಿನ ಮಾತುಗಳು. ಹೊಲಕ್ಕೆ ಹೊಡೆಯುವ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಗುಳಿಗೆಗೂ ಇವರೆಲ್ಲ ಒಂದೇ ಶಬ್ದ ಬಳಸುತ್ತಾರೆ. ಹಾಗಾದರೆ ಇವರಿಗೆ ವ್ಯತ್ಯಾಸ ಗೊತ್ತಿಲ್ಲ ಅಂತಲೇ? ಗೊತ್ತಿದೆ. ಗ್ರೀಕರೂ ಹೀಗೆಯೇ ಮಾಡಿದ್ದರು. ಅವರ 'ಫಾರ್ಮಕಾನ್' ಎಂಬ ಮಾತಿಗೆ ಔಷಧ, ವಿಷ ಎರಡೂ ಅರ್ಥ. ಅದರಿಂದಲೇ ಫಾರ್ಮಕಾಲಜಿ ಎಂಬ ಹೆಸರು ಬಂತು.

ನರ್ಸಿಂಗ್ ಇಲ್ಲವೇ ಡಿ.ಫಾರ್ಮಸಿಗೆ ಸೇರಿದ ಗಡಿಭಾಗದ ಮಕ್ಕಳಿಗೆ ಈ ಫಾರ್ಮಕಾಲಜಿ ಎಂದರೆ ಎದೆ ನಡುಕ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಓದಿದ ಹುಡುಗಿಗೆ ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷು, ಗೆಳತಿಯರ ಮಾತು ಮರಾಠಿ, ಮನೆಯ ಮಾತು ಕನ್ನಡ. ಆದರೆ ಅವಳ ಅಪ್ಪ ಪಂಪು ಬೆನ್ನಿಗೆ ಹಾಕಿಕೊಂಡು ವರ್ಷಗಟ್ಟಲೆ ಕಲಿತದ್ದರಲ್ಲೇ ಈ ವಿಷಯದ ಅರ್ಧ ಪಾಠ ಅಡಗಿದೆ. ಅದನ್ನು ಗುಳಿಗೆಯ ಚೀಟಿಗೆ ಹೊಂದಿಸಿ ನೋಡುವುದನ್ನು ಮಾತ್ರ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

ಮೊದಲನೆಯದು ಹೆಸರು. ಎಂ-45 ಕೊಳ್ಳುವ ರೈತನಿಗೆ ಡೈಥೇನ್ ಒಂದು ಕಂಪನಿಯದು, ಇಂಡೋಫಿಲ್ ಇನ್ನೊಂದು ಕಂಪನಿಯದು, ಒಳಗಿರುವ ಮಾಲು ಮಾತ್ರ ಒಂದೇ, ಮ್ಯಾಂಕೋಜೆಬ್, ಎಂಬುದು ಗೊತ್ತು. ಎರಡನ್ನೂ ಒಂದೇ ದಿನ ಬೆರೆಸಿ ಹೊಡೆಯುವಷ್ಟು ಹುಚ್ಚು ಅವನಿಗಿಲ್ಲ. ಆದರೆ ಅದೇ ಮನುಷ್ಯ ಜ್ವರ ಬಂದಾಗ ಬೆಳಿಗ್ಗೆ ಡೋಲೋ, ಮಧ್ಯಾಹ್ನ ಕ್ರೋಸಿನ್, ಸಂಜೆ ನೆಗಡಿಯ ಗುಳಿಗೆ ನುಂಗುತ್ತಾನೆ. ಡೋಲೋ, ಕ್ರೋಸಿನ್ ಎರಡರಲ್ಲೂ ಇರುವುದು ಪ್ಯಾರಾಸಿಟಮಾಲ್. ನೆಗಡಿಯ ಅನೇಕ ಗುಳಿಗೆಗಳಲ್ಲೂ ಅದನ್ನು ಬೆರೆಸಿರುತ್ತಾರೆ. ಕಂಪನಿ ಇಟ್ಟ ಹೆಸರು ಬ್ರಾಂಡ್, ಮಾಲಿನ ನಿಜವಾದ ಹೆಸರು ಜೆನೆರಿಕ್. ಈ ಜೆನೆರಿಕ್ ಹೆಸರುಗಳ ಮೊದಲ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1953ರಲ್ಲಿ ಹೊರಡಿಸಿತು. ಗಡಿಯ ಜನಕ್ಕೆ ಇದರಿಂದ ದೊಡ್ಡ ಅನುಕೂಲ. ಸೋಲಾಪುರದ ಅಂಗಡಿಯವನು 'ಗೋಳಿ' ಅನ್ನಲಿ, ಮಡಕಶಿರಾದವನು 'ಮಾತ್ರ' ಅನ್ನಲಿ, ಪಟ್ಟಿಯ ಮೇಲಿನ ಜೆನೆರಿಕ್ ಹೆಸರು ಬದಲಾಗುವುದಿಲ್ಲ. 2008ರಲ್ಲಿ ಶುರುವಾದ ಜನೌಷಧಿ ಅಂಗಡಿಗಳಲ್ಲಿ ಮಾರುವುದೂ ಇದೇ ಹೆಸರಿನಿಂದ.

ಔಷಧಗಳಿಗೆ ನಮ್ಮ ಹಾಗೆ ಅಡ್ಡಹೆಸರೂ ಉಂಟು. ಅಟೆನೊಲಾಲ್, ಮೆಟೊಪ್ರೊಲಾಲ್ ಹೀಗೆ 'ಒಲಾಲ್' ಎಂದು ಮುಗಿಯುವವು ಒಂದು ಮನೆತನ. ಹೃದಯದ ಬಡಿತ ತಗ್ಗಿಸುವುದು ಅವುಗಳ ಕೆಲಸ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಬಿ.ಪಿ.ಯ ಇನ್ನೊಂದು ಮನೆತನ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮತ್ತೊಂದು. ದಮ್ಮು ಇರುವವರಿಗೆ ಪ್ರೊಪ್ರನೊಲಾಲ್ ಕೊಡಬಾರದು. 'ಇಂಥವರಿಗೆ ಇದು ಕೂಡದು' ಎಂಬ ಈ ಕಟ್ಟಳೆಗೇ ಪುಸ್ತಕದಲ್ಲಿ ಕಾಂಟ್ರಾಇಂಡಿಕೇಶನ್ ಎಂಬ ಉದ್ದನೆಯ ಹೆಸರು. ಔಷಧ ಕೊಳ್ಳುವಾಗ 'ನನಗ ದಮ್ಮೈತ್ರಿ' ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಆ ಕಟ್ಟಳೆ ಕೆಲಸಕ್ಕೆ ಬರುತ್ತದೆ.

ಎರಡನೆಯದು ಪ್ರಮಾಣ, ಅಂದರೆ ಡೋಸು. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಪ್ರಮಾಣದಲ್ಲೇ ಇದೆ ಎಂದು 16ನೆಯ ಶತಮಾನದಲ್ಲೇ ಸ್ವಿಟ್ಜರ್ಲೆಂಡಿನ ವೈದ್ಯ ಪ್ಯಾರಾಸೆಲ್ಸಸ್ ವಾದಿಸಿದ್ದ. ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತು ಎಲ್ಲರೂ ಕಂಡದ್ದೇ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳನ್ನು ಸುಮ್ಮನೆ ಹಚ್ಚಿಲ್ಲ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಮೈತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಎಂಬ ಲೆಕ್ಕ ಅದು. ಬಾಯಿಯ ಮೂಲಕ 50 ಮಿಲಿಗ್ರಾಂ ಒಳಗೇ ಸಾಯಿಸುವುದು ಕೆಂಪು, 5000 ದಾಟಿದರೆ ಹಸಿರು. ವಿದ್ಯಾರ್ಥಿಗಳು ಎಲ್.ಡಿ. 50 ಎಂದು ಬಾಯಿಪಾಠ ಮಾಡುವುದು ಇದನ್ನೇ. ಗುಣ ಕೊಡುವ ಪ್ರಮಾಣ ಮತ್ತು ಕೇಡು ಮಾಡುವ ಪ್ರಮಾಣ ಎಷ್ಟು ದೂರ ಇದ್ದರೆ ಔಷಧ ಅಷ್ಟು ಸುರಕ್ಷಿತ. ಹೃದಯಕ್ಕೆ ಕೊಡುವ ಡಿಜಾಕ್ಸಿನ್‌ನಲ್ಲಿ ಆ ಅಂತರ ಬಹಳ ಕಿರಿದು.

ಪ್ಯಾರಾಸಿಟಮಾಲ್ ಸುರಕ್ಷಿತ ಔಷಧವೇ. ಆದರೆ ಆರೋಗ್ಯವಾಗಿರುವ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಅಂದರೆ 500ರ ಗುಳಿಗೆ 8, ಇಲ್ಲವೇ 650ರದು 6, ಅದೂ ಎಲ್ಲ ಕಂಪನಿಯದೂ ಸೇರಿ. ದಿನಾ ಕುಡಿಯುವವರಿಗೆ, ಯಕೃತ್ತು ಕೆಟ್ಟವರಿಗೆ ಇನ್ನೂ ಕಡಿಮೆ. ಮಿತಿ ಮೀರಿದರೆ ಯಕೃತ್ತು ಹಾಳಾಗುತ್ತದೆ, ಮೊದಲ ದಿನ ಹೆಚ್ಚೇನೂ ಕಾಣಿಸದೆಯೂ ಇರಬಹುದು. ಮಕ್ಕಳಿಗೆ ತೂಕದ ಮೇಲೆ ಲೆಕ್ಕ, ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಇಲ್ಲೊಂದು ಬಲೆ ಇದೆ. ಹಾಲುಗೂಸಿಗೆ ಬರುವ ಹನಿ ಔಷಧದಲ್ಲಿ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ ಸುಮಾರು 25. ಸಿರಪ್ ಮುಗಿಯಿತೆಂದು ಹನಿ ಔಷಧವನ್ನೇ ಚಮಚದಲ್ಲಿ ಅಳೆದು ಕುಡಿಸಿದರೆ ಡೋಸು ನಾಲ್ಕು ಪಟ್ಟಾಗುತ್ತದೆ. ಒಂದು ಲೀಟರಿಗೆ ಎರಡು ಎಂ.ಎಲ್. ಎಂದು ಕಣ್ಣು ಕಿರಿದು ಮಾಡಿ ಅಳೆಯುವ ರೈತ ಮಗುವಿನ ಔಷಧವನ್ನು ಅಂದಾಜಿನ ಮೇಲೆ ಸುರಿಯುವುದೇಕೋ ತಿಳಿಯದು.

ಅದೇ ಔಷಧ, ಅದೇ ಡೋಸು ಎಲ್ಲ ಪ್ರಾಣಿಗೂ ಒಗ್ಗುವುದಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ದನಕ್ಕೆ ಗುಣ ಕೊಟ್ಟಿತು. ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಮಾತ್ರ ಕೆಟ್ಟು ಅವು ರಾಶಿ ರಾಶಿಯಾಗಿ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು.

ಓಡಿ ಎಂದರೆ ಓಡುವುದಲ್ಲ

ಡಾಕ್ಟರ ಚೀಟಿಯಲ್ಲಿ ಓಡಿ ಎಂದಿದ್ದರೆ ದಿನಕ್ಕೊಂದು ಸಲ. ಬಿಡಿ ಎಂದಿದ್ದರೆ ಬಿಡುವುದಲ್ಲ ಮಹಾರಾಯರೇ, ದಿನಕ್ಕೆರಡು ಸಲ. ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಓಎಸ್ ಎಂದರೆ ಬೇಕೆನಿಸಿದಾಗ ಮಾತ್ರ. ಇವು ಹೆಚ್ಚಾಗಿ ಲ್ಯಾಟಿನ್ ಮಾತಿನ ತುಂಡುಗಳು. ಒಂದಕ್ಕೆ ಓಡಿ, ಇನ್ನೊಂದಕ್ಕೆ ಟಿಡಿಎಸ್ ಏಕೆ ಎಂದರೆ ಅದಕ್ಕೆ ಅರ್ಧಾಯು ಕಾರಣ. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತೇ ಅರ್ಧಾಯು. ಪ್ಯಾರಾಸಿಟಮಾಲ್‌ಗೆ ಅದು 2ರಿಂದ 3 ತಾಸು. ಬೆಳಿಗ್ಗೆ ನುಂಗಿದ್ದು ಮಧ್ಯಾಹ್ನಕ್ಕೆ ಬಹುಪಾಲು ಖರ್ಚು. ಬಿ.ಪಿ.ಯ ಅಮ್ಲೋಡಿಪಿನ್‌ಗೆ 30ರಿಂದ 50 ತಾಸು. ಅದಕ್ಕೇ ದಿನಕ್ಕೊಂದು ಸಾಕು. ಗೋದಾಮಿಗೆ ದಿನಾ ಒಂದು ಚೀಲ ಬರುತ್ತಾ, ಇದ್ದುದರಲ್ಲಿ ಒಂದು ಪಾಲು ಹೋಗುತ್ತಾ ಇದ್ದರೆ ದಾಸ್ತಾನು ಒಂದು ಮಟ್ಟಕ್ಕೆ ನಿಲ್ಲಲು ಕೆಲವು ದಿನ ಬೇಕಲ್ಲ, ಹಾಗೆ ಈ ಗುಳಿಗೆಯ ಪೂರ್ತಿ ಗುಣ ಕಾಣಲು ವಾರವೇ ಹಿಡಿಯಬಹುದು. 'ಎರಡ ದಿನ ತಗೊಂಡೆ, ಏನೂ ಆಗಲಿಲ್ಲ' ಎಂದು ಬಿಟ್ಟವರು ದಾಸ್ತಾನು ಏರುವ ಮುನ್ನವೇ ಬಾಗಿಲು ಹಾಕಿದಂತೆ. ದ್ರಾಕ್ಷಿಯವರಿಗೆ ಈ ಲೆಕ್ಕ ಹೊಸದಲ್ಲ. ಹೊಡೆದ ಔಷಧ ಹಣ್ಣಿನಲ್ಲಿ ಇಳಿಯಲೆಂದೇ ಕೊಯ್ಲಿಗೆ ಮುನ್ನ ಇಂತಿಷ್ಟು ದಿನ ಬಿಡುತ್ತಾರಲ್ಲ.

ಹಾಲಿನ ಜೊತೆ ಟೆಟ್ರಾಸೈಕ್ಲಿನ್ ನುಂಗಬೇಡಿ. ಹಾಲಿನ ಸುಣ್ಣಾಂಶ ಅದನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕಬ್ಬಿಣದ ಗುಳಿಗೆಗೆ ಚಹಾ ಕೂಡ ಹೀಗೇ ಅಡ್ಡ ಬರುತ್ತದೆ.

ಆಂಟಿಬಯಾಟಿಕ್ ವಿಚಾರ ಬಂದರೆ ಹತ್ತಿ ಬೆಳೆದವರು ಹಳೆಯದನ್ನು ನೆನೆಯಬೇಕು. 1987-88ರಲ್ಲಿ ಆಂಧ್ರದ ಹತ್ತಿಯಲ್ಲಿ ಕಾಯಿಕೊರಕ ಪೈರೆಥ್ರಾಯ್ಡ್ ಔಷಧಗಳಿಗೆ ಬಗ್ಗಲಿಲ್ಲ. ಎಷ್ಟು ಸಲ ಹೊಡೆದರೂ ತಡೆದುಕೊಂಡ ಹುಳು ಉಳಿದು ಅದರದೇ ಸಂತಾನ ಬೆಳೆಯಿತು. ರೋಗಾಣುಗಳೂ ಅದನ್ನೇ ಮಾಡುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಕಡಿಮೆ ಡೋಸಿನ ಅಪಾಯ ಎತ್ತಿ ಹೇಳಿದ್ದರು. ಪಟ್ಟಿಯ ಎಡಬದಿಗೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧ. ನೆಗಡಿಗೆ 'ಎರಡು ಆಂಟಿಬಯಾಟಿಕ್ ಕೊಡ್ರಿ' ಎಂದು ಕೇಳುವುದರಲ್ಲಿ ತಪ್ಪು ಕೇಳಿದವನದೂ ಹೌದು, ಕೊಟ್ಟವನದೂ ಹೌದು.

ವಿಷಕ್ಕೆ ವಿಷವೇ ಮದ್ದು

ಗಾಳಿಗೆದುರಾಗಿ ಕ್ಲೋರ್‌ಪೈರಿಫಾಸ್‌ನಂಥ ಔಷಧ ಹೊಡೆದು ಬಂದವನಿಗೆ ಜೊಲ್ಲು ಸುರಿದು, ಬೆವರಿ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ಎದೆಯಲ್ಲಿ ಗೊರಗೊರ ಶುರುವಾದರೆ ಒಳಗೆ ಆಗಿರುವುದು ಇಷ್ಟು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದೂತ ಸುದ್ದಿ ಮುಟ್ಟಿಸುತ್ತಾನೆ. ಸುದ್ದಿ ಮುಟ್ಟಿದ ಕೂಡಲೇ ಅವನನ್ನು ಅಳಿಸಲು ಒಂದು ಕಿಣ್ವ ಇದೆ. ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ದೂತರು ಗುಂಪುಗೂಡಿ ಒಂದೇ ಸಮನೆ ಬಾಗಿಲು ಬಡಿಯುತ್ತಾರೆ. ಆಗ ಡಾಕ್ಟರು ಕೊಡುವ ಅಟ್ರೊಪಿನ್ ಹೋಗಿ ಆ ಬಾಗಿಲಿಗೇ ಅಡ್ಡ ಕೂರುತ್ತದೆ. ಬಾಗಿಲಿಗೆ ರಿಸೆಪ್ಟರ್ ಎಂದೂ ಅಡ್ಡ ಕೂರುವುದಕ್ಕೆ ಆಂಟಾಗೊನಿಸ್ಟ್ ಎಂದೂ ಪುಸ್ತಕದ ಹೆಸರು. ಅಟ್ರೊಪಿನ್ ನಮ್ಮ ಬದುವಿನ ದತ್ತೂರಿಯಲ್ಲೂ ಇರುವ ವಿಷ. 0.6 ಮಿಲಿಗ್ರಾಂನ ಚಿಕ್ಕ ಬುಡ್ಡಿಗಳನ್ನು ಒಂದಾದ ಮೇಲೊಂದು, ಎದೆ ಒಣಗಿ ಉಸಿರು ಹಗುರಾಗುವ ತನಕ ಕೊಡುತ್ತಾರೆ. ಆರೋಗ್ಯವಂತನಿಗೆ ಅಷ್ಟು ಕೊಟ್ಟರೆ ಅವನಿಗೇ ಭ್ರಮೆ ಹಿಡಿದೀತು. ಮನೆಯಲ್ಲಿ ದತ್ತೂರಿ ಅರೆಯುವ ಸಾಹಸ ಯಾರೂ ಮಾಡಬಾರದು, ಅದರಲ್ಲಿ ಎಷ್ಟಿದೆ ಎಂಬ ಅಳತೆಯೇ ಇಲ್ಲ.

ಎಲ್ಲ ಕೀಟನಾಶಕಕ್ಕೂ ಅಟ್ರೊಪಿನ್ ಮದ್ದಲ್ಲ. ಕಳೆನಾಶಕ ಪ್ಯಾರಾಕ್ವಾಟ್‌ಗಂತೂ ಪ್ರತಿವಿಷವೇ ಇಲ್ಲ. ಆದ್ದರಿಂದ ಬಟ್ಟೆ ಬಿಚ್ಚಿ ಸಾಬೂನು ನೀರಿನಲ್ಲಿ ಮೈ ತೊಳೆದು, ವಾಂತಿ ಮಾಡಿಸಲು ಹೋಗದೆ ಹೊರಡುವಾಗ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ. ಸಾಂಗ್ಲಿಯ ಡಾಕ್ಟರಿಗೆ ಕನ್ನಡ ಬಾರದಿದ್ದರೂ, ಕರ್ನೂಲಿನವರಿಗೆ ನಿಮ್ಮ ತೆಲುಗು ಅರ್ಥವಾಗದಿದ್ದರೂ ಚೀಟಿಯ ಮೇಲಿನ ಔಷಧದ ಹೆಸರು, ಅದರ ಪ್ರತಿವಿಷ ಅಚ್ಚಾಗಿರುತ್ತವೆ.

ಗುಳಿಗೆಯ ಪಟ್ಟಿಗೂ ಇದೇ ಮಾತು. ಅಂಗಡಿಯವನು ನಾಲ್ಕೇ ಗುಳಿಗೆ ಕತ್ತರಿಸಿ ಕೊಡುವಾಗ ಹೆಸರು, ಅವಧಿ ಮುಗಿಯುವ ತಿಂಗಳು ಇರುವ ತುದಿ ಅವನ ಡಬ್ಬಿಯಲ್ಲೇ ಉಳಿಯುವುದುಂಟು. 'ಹೆಸರಿರೂ ಕಡೆದು ಕೊಡ್ರಿ' ಎನ್ನಿ. ಕೊಡದಿದ್ದರೆ ಹೆಸರನ್ನಾದರೂ ಚೀಟಿಯ ಹಿಂದೆ ಬರೆಸಿಕೊಳ್ಳಿ.