ಒಂದು ಪೆಗ್ಗಿಗೆ ಎಷ್ಟು ಹೊತ್ತು?

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಭಾರತದಲ್ಲಿ ವಾಹನ ಓಡಿಸುವುದು ಅಪರಾಧ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಎಳೆದ ಗೆರೆ ಇದು. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದೇ ಗೆರೆ 80 ಮಿಲಿಗ್ರಾಂ. ಅಲ್ಲಿಯವರಿಗಾಗಿ ಮಾಡಿದ, ಕುಡಿದದ್ದನ್ನು ಲೆಕ್ಕ ಹಾಕುವ ಮೊಬೈಲ್ ಆ್ಯಪ್ ‘ಪರವಾಗಿಲ್ಲ’ ಎಂದು ತೋರಿಸಿದ ವ್ಯಕ್ತಿ ಚಿಕ್ಕಮಗಳೂರಿನ ತಪಾಸಣೆಯಲ್ಲಿ ಮಿತಿಯ ಎರಡು ಪಟ್ಟು ಮೇಲಿರಬಹುದು.

ಲೆಕ್ಕ ಶುರುವಾಗುವುದು ಗ್ಲಾಸಿನಿಂದ. ಭಾರತದಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂದಿಗಳ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ 42.8 ಎಂದು ಬರೆದಿರುತ್ತದೆ. 30 ಮಿ.ಲೀ.ನ ಒಂದು ಸ್ಮಾಲ್‌ನಲ್ಲಿ ಅಷ್ಟು ಪಾಲೆಂದರೆ ಸುಮಾರು 12.8 ಮಿ.ಲೀ. ಶುದ್ಧ ಮದ್ಯಸಾರ. ಅದು ನೀರಿಗಿಂತ ಹಗುರ, ಒಂದು ಮಿ.ಲೀ.ಗೆ 0.789 ಗ್ರಾಂ. ಹಾಗಾಗಿ ಒಂದು ಸ್ಮಾಲ್ ಎಂದರೆ 10 ಗ್ರಾಂ, ಒಂದು ಲಾರ್ಜ್ ಎಂದರೆ 20 ಗ್ರಾಂ. ‘ಬರೀ ಬಿಯರು’ ಎಂದು ತಳ್ಳಿಹಾಕುವ ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ. ನಾಲ್ಕು ಸ್ಮಾಲ್‌ಗೆ ಸಮ.

ಕಾಕ್‌ಟೇಲ್‌ನಲ್ಲಿ ಈ ಎಣಿಕೆಯೇ ಕೈತಪ್ಪುತ್ತದೆ. ಲಾಂಗ್ ಐಲೆಂಡ್ ಐಸ್ಡ್ ಟೀ ಎಂಬ ಹೆಸರಿನಲ್ಲಿ ಚಹಾ ಇದೆ, ಗ್ಲಾಸಿನಲ್ಲಿ ಇಲ್ಲ. ವೋಡ್ಕಾ, ಜಿನ್, ರಮ್, ಟೆಕಿಲಾ, ಕಿತ್ತಳೆಯ ಲಿಕ್ಯೂರ್ ತಲಾ 15 ಮಿ.ಲೀ., ಒಟ್ಟು 75 ಮಿ.ಲೀ. ಅಂದರೆ ಒಂದೇ ಗ್ಲಾಸಿನಲ್ಲಿ ಸುಮಾರು 24 ಗ್ರಾಂ. ಮೊಹಿಟೊದ ಪುದೀನಾ ಮತ್ತು ನಿಂಬೆಯ ಹಿಂದೆ 45 ಮಿ.ಲೀ. ರಮ್ ಇರುತ್ತದೆ, 15 ಗ್ರಾಂ. ಸಿಹಿ ಹುಳಿಗಳು ಮದ್ಯದ ಖಾರವನ್ನು ಮುಚ್ಚುವುದರಿಂದ ನಾಲಿಗೆಯ ಎಚ್ಚರಿಕೆ ಕೆಲಸಕ್ಕೆ ಬರುವುದಿಲ್ಲ. ಇವು ಅಳತೆಯ ಲೋಟ ಹಿಡಿದು ಬೆರೆಸುವ ಬಾರಿನ ಲೆಕ್ಕ. ತೋಟದ ನಡುವಿನ ಹೋಮ್‌ಸ್ಟೇ ಅಂಗಳದಲ್ಲಿ, ಬೆಂಕಿಯ ಸುತ್ತ ಕೂತು ಸ್ನೇಹಿತರು ಸ್ನೇಹಿತರಿಗೆ ಸುರಿಯುವಾಗ ಅಳತೆ ಕಣ್ಣಿನದು, ಮತ್ತು ಆ ಕಣ್ಣು ಯಾವಾಗಲೂ ಉದಾರಿ. ಅರ್ಧ ಖಾಲಿಯಾದ ಗ್ಲಾಸಿಗೆ ಮತ್ತೆ ಮತ್ತೆ ತುಂಬಿಸಿಕೊಂಡವರಿಗೆ ‘ಎರಡೇ ಗ್ಲಾಸು’ ಎಂಬ ಮಾತು ಪ್ರಾಮಾಣಿಕವಾಗಿಯೇ ಬರುತ್ತದೆ; ಲೆಕ್ಕಕ್ಕೆ ಮಾತ್ರ ಅದು ದಕ್ಕುವುದಿಲ್ಲ.

ಗ್ರಾಂ ಗೊತ್ತಾದರೆ ಮುಂದಿನ ಹೆಜ್ಜೆ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಪ್ರಕಟಿಸಿದ ಸೂತ್ರ. ಮದ್ಯಸಾರ ಹರಡುವುದು ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಅಲ್ಲ. ಆದ್ದರಿಂದ ಗಂಡಸರ ತೂಕವನ್ನು ಸುಮಾರು 0.68ರಿಂದ, ಹೆಂಗಸರದನ್ನು 0.55ರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಗ್ರಾಂಗಳನ್ನು ಭಾಗಿಸಿ, ನೂರರಿಂದ ಗುಣಿಸಬೇಕು. 70 ಕಿಲೋ ತೂಕದ ಗಂಡಸಿಗೆ ಒಂದು ಸ್ಮಾಲ್ 21 ಮಿಲಿಗ್ರಾಂ ಏರಿಸುತ್ತದೆ, ಒಂದು ಲಾರ್ಜ್ 42. ಎಂದರೆ ಒಂದೇ ಲಾರ್ಜ್‌ಗೆ ಗೆರೆ ದಾಟಿತು. 55 ಕಿಲೋದ ಹೆಂಗಸಿಗೆ ಒಂದು ಸ್ಮಾಲೇ 33ಕ್ಕೆ ಒಯ್ಯುತ್ತದೆ, ಒಂದು ಲಾಂಗ್ ಐಲೆಂಡ್ 79ಕ್ಕೆ.

ಇವೆಲ್ಲ ಸರಾಸರಿಯ ಮೇಲೆ ನಿಂತ ಅಂದಾಜುಗಳು. ಕಡುಬು, ಹಂದಿ ಸಾರು ಉಂಡು ಕುಡಿದರೆ ಏರಿಕೆ ನಿಧಾನ, ತುದಿಯೂ ತುಸು ತಗ್ಗು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ. ಕೊನೆಯ ಗುಟುಕಿನ ನಂತರವೂ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಪ್ರಮಾಣ ಏರುತ್ತಲೇ ಇರಬಹುದು. ಮೂಡಿಗೆರೆಯಲ್ಲಿ ಗ್ಲಾಸು ಕೆಳಗಿಟ್ಟು ಹೊರಟವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವಿಗೆ ಬರುವಷ್ಟರಲ್ಲಿ ಹೊರಟಾಗ ಇದ್ದುದಕ್ಕಿಂತ ಹೆಚ್ಚು ಅಮಲಿನಲ್ಲಿರಬಹುದು. ಆದ್ದರಿಂದ ಈ ಲೆಕ್ಕಕ್ಕೆ ಒಂದೇ ಯೋಗ್ಯ ಬಳಕೆ ಇದೆ: ‘ಓಡಿಸಬೇಡ’ ಎಂದು ಅದು ಹೇಳಿದಾಗ ನಂಬುವುದು. ‘ಓಡಿಸಬಹುದು’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

30ರ ಗೆರೆಯ ಕೆಳಗೂ ಮದ್ಯ ಕೆಲಸ ಮಾಡುತ್ತಿರುತ್ತದೆ. ಒಟ್ಟಿಗೆ ಎರಡು ಕಡೆ ಗಮನ ಇಡುವ ಶಕ್ತಿ ಮೊದಲು ಕುಂದುವಂಥದ್ದು. ಚಾರ್ಮಾಡಿ ಘಾಟಿ ಬೇಡುವುದು ಅದನ್ನೇ: ಎದುರಿನ ಬಸ್ಸಿನ ದೀಪ, ಎಡಗಡೆಯ ಪ್ರಪಾತ, ಮಂಜಿನೊಳಗೆ ಥಟ್ಟನೆ ಮೂಡುವ ಹಿಮ್ಮುರಿ ತಿರುವು, ಎಲ್ಲವನ್ನೂ ಒಂದೇ ಕ್ಷಣದಲ್ಲಿ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ಕಾಡಿನ ದಾರಿಯೂ ರಾತ್ರಿ ಹೊತ್ತು ಇದಕ್ಕಿಂತ ಸುಲಭವಲ್ಲ.

ರಕ್ತದ ಮದ್ಯಸಾರ ಇಳಿಯುವ ವೇಗವನ್ನು ನಿರ್ಧರಿಸುವುದು ಬಹುಮಟ್ಟಿಗೆ ಪಿತ್ತಜನಕಾಂಗ ಒಂದೇ. ಗಂಟೆಗೆ ಸುಮಾರು 15 ಮಿಲಿಗ್ರಾಂ, ಕೆಲವರಲ್ಲಿ 10, ಕೆಲವರಲ್ಲಿ 20. ತಣ್ಣೀರಿನ ಸ್ನಾನ, ಮಜ್ಜಿಗೆ, ನಿಂಬೆರಸ, ವಾಂತಿ ಯಾವುದರಿಂದಲೂ ರಕ್ತದಲ್ಲಿ ಆಗಲೇ ಸೇರಿದ್ದು ಬೇಗ ಕರಗುವುದಿಲ್ಲ. ಬಾಬಾಬುಡನ್ ತಂದ ಬೀಜಗಳಿಂದ ಬೆಳೆದ ಈ ಕಾಫಿ ನಾಡಿನಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು: ಕಾಫಿಯಿಂದಲೂ ಇಳಿಯುವುದಿಲ್ಲ. ಕೆಫೀನ್ ನಿದ್ದೆಯನ್ನು ದೂರ ಮಾಡುತ್ತದೆ, ಮದ್ಯಸಾರವನ್ನು ಮುಟ್ಟುವುದಿಲ್ಲ. ಬೆಲ್ಲದ ಕಾಫಿ ಕುಡಿದು ಕಣ್ಣರಳಿಸಿಕೊಂಡವರಿಗೆ ತಾವು ಸರಿಯಾಗಿದ್ದೇವೆ ಅನ್ನಿಸುತ್ತದೆ, ಅಪಾಯ ಇರುವುದೇ ಅಲ್ಲಿ. ಚಳಿಗೆ ಕುಡಿದರೆ ಮೈ ಬಿಸಿಯಾಗುತ್ತದೆ ಎಂಬುದೂ ಇಂಥದ್ದೇ ಭ್ರಮೆ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ.

ಪೊಲೀಸರ ಯಂತ್ರ ನೋಡುವುದು ಉಸಿರನ್ನು. ಸುಮಾರು 2,100 ಮಿ.ಲೀ. ಉಸಿರಿನಲ್ಲಿರುವಷ್ಟು ಮದ್ಯಸಾರ ಒಂದು ಮಿ.ಲೀ. ರಕ್ತದಲ್ಲಿರುತ್ತದೆ ಎಂಬ ಅನುಪಾತದ ಮೇಲೆ ಅದು ಲೆಕ್ಕ ಹಾಕುತ್ತದೆ. ಆಗತಾನೇ ಕುಡಿದ ಬಾಯಲ್ಲಿ ಉಳಿದ ಹನಿಗಳಿಂದ ಅಳತೆ ಹೆಚ್ಚು ಬರಬಹುದಾದ್ದರಿಂದ ಸುಮಾರು ಹದಿನೈದು ನಿಮಿಷ ಕಾದು ಊದಿಸುವುದು ಸರಿಯಾದ ಕ್ರಮ.

ಎಲ್ಲಕ್ಕಿಂತ ಹೆಚ್ಚು ಮರೆಯುವುದು ಮರುದಿನದ ಬೆಳಗನ್ನು. 70 ಕಿಲೋದ ಒಬ್ಬ ಪ್ರವಾಸಿ ಸಂಸೆಯ ಹೋಮ್‌ಸ್ಟೇಯಲ್ಲಿ ಭಾನುವಾರ ರಾತ್ರಿ ಎಂಟೂವರೆಗೆ ಕುಡಿಯಲು ಕೂತು ಮಲಗುವ ಮೊದಲು ಐದು ಲಾರ್ಜ್ ಮುಗಿಸಿದನೆನ್ನಿ. 100 ಗ್ರಾಂ, ಸೂತ್ರದ ಪ್ರಕಾರ 210 ಮಿಲಿಗ್ರಾಂ. ಗಂಟೆಗೆ 15ರಂತೆ ಇಳಿದರೆ 30ಕ್ಕೆ ಬರಲು, ಕುಡಿಯಲು ಕೂತ ಗಳಿಗೆಯಿಂದ ಹನ್ನೆರಡು ಗಂಟೆ ಬೇಕು. ಅಂದರೆ ಸೋಮವಾರ ಬೆಳಗ್ಗೆ ಎಂಟೂವರೆ. ಅಷ್ಟರೊಳಗೆ ಬೆಂಗಳೂರಿನ ಕೆಲಸಕ್ಕೆಂದು ಆರು ಗಂಟೆಗೇ ಕಾರು ಹೊರಟಿರುತ್ತದೆ, ಆಗ ಅವನ ರಕ್ತದಲ್ಲಿ ಇನ್ನೂ 67 ಮಿಲಿಗ್ರಾಂ. ಅವನ ಪಿತ್ತಜನಕಾಂಗ ಗಂಟೆಗೆ 10ರ ನಿಧಾನಿಯಾಗಿದ್ದರೆ ಗೆರೆಯ ಕೆಳಗೆ ಇಳಿಯುವುದು ಮಧ್ಯಾಹ್ನ ಎರಡೂವರೆಗೆ, ಪೂರ್ತಿ ಸೊನ್ನೆಯಾಗುವುದು ಸಂಜೆ ಐದೂವರೆಗೆ.