ರೂಪಾಯಿಗೆ ಆರು ಪೈಸೆ

ನಗರದಲ್ಲಿ ಮನೆಯುಳ್ಳವರು ವರ್ಷಕ್ಕೊಮ್ಮೆ ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಆರೋಗ್ಯದ ಕರ, ಭಿಕ್ಷುಕರ ಪುನರ್ವಸತಿಯ ಕರಗಳ ನಡುವೆ ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ; 2,000 ರೂಪಾಯಿ ತೆರಿಗೆ ಇರುವ ಮನೆಯಿಂದ 120 ರೂಪಾಯಿ. ಸಾರ್ವಜನಿಕ ಗ್ರಂಥಾಲಯಗಳನ್ನು ಹತ್ತಾರು ವರ್ಷ ಬದುಕಿಸಲು ಯೋಚಿಸಿದವರ ಜಾಣ್ಮೆಯೆಲ್ಲ ಈ ಪೈಸೆಗಳಲ್ಲಿದೆ.

ಗ್ರಂಥಾಲಯ ತೆರೆಯುವುದು ಕಷ್ಟವಲ್ಲ. ದಾನಿಗಳು ಸಿಗುತ್ತಾರೆ, ಶಿಲಾನ್ಯಾಸಕ್ಕೆ ಮಂತ್ರಿಗಳು ಬರುತ್ತಾರೆ, ಮೊದಲ ಕಪಾಟು ಹೇಗೋ ತುಂಬುತ್ತದೆ. ಹತ್ತನೆಯ ವರ್ಷ ಹೊಸ ಪುಸ್ತಕ ಕೊಳ್ಳುವವರು ಯಾರು, ಹರಿದದ್ದಕ್ಕೆ ರಟ್ಟು ಕಟ್ಟಿಸುವವರು ಯಾರು, ಸಂಜೆ ಎಂಟರವರೆಗೆ ಬಾಗಿಲು ತೆರೆದು ಕೂರುವವರಿಗೆ ಸಂಬಳ ಎಲ್ಲಿಂದ? ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಇದನ್ನು ಚೆನ್ನಾಗಿ ಅರಿತಿದ್ದರು. ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಅವರ ಹಣದಿಂದ ಎದ್ದವು. ಕಟ್ಟಡಕ್ಕೆ ಹಣ ಕೇಳಿಕೊಂಡು ಬಂದ ಅಮೆರಿಕದ ಊರುಗಳಿಗೆ ಅವರು ಹಾಕುತ್ತಿದ್ದ ಷರತ್ತು ಇದು: ಜಾಗ ನಿಮ್ಮದು, ಜೊತೆಗೆ ನಾನು ಕೊಟ್ಟ ಮೊತ್ತದ ಹತ್ತನೆಯ ಒಂದು ಭಾಗವನ್ನು ವರ್ಷವರ್ಷವೂ ನಿಮ್ಮ ತೆರಿಗೆಯಿಂದ ಅದರ ನಿರ್ವಹಣೆಗೆ ಎತ್ತಿಡಬೇಕು. ಅವರು ಕೊಟ್ಟ ಹಣಕ್ಕಿಂತ ಆ ಷರತ್ತೇ ದೊಡ್ಡದೆಂದು ನನಗನ್ನಿಸುತ್ತದೆ.

ನಮ್ಮಲ್ಲಿ ಈ ವಿದ್ಯೆಯನ್ನು ಶಾಸ್ತ್ರವಾಗಿಸಿದವರು ಎಸ್.ಆರ್. ರಂಗನಾಥನ್. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮುನ್ನ ಅವರು ಗಣಿತದ ಮೇಷ್ಟ್ರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯವು ಬೆಳೆಯುವ ಜೀವಿ ಎನ್ನುತ್ತದೆ. ಸಭೆ ಸಮಾರಂಭಗಳಲ್ಲಿ ಇದನ್ನು ಸುಭಾಷಿತದಂತೆ ಹೇಳುವುದುಂಟು. ರಂಗನಾಥನ್‌ರಿಗೆ ಇದು ಲೆಕ್ಕದ ಮಾತಾಗಿತ್ತು. ಪುಸ್ತಕಗಳು ಬೆಳೆಯುತ್ತವೆ, ಓದುಗರು ಬೆಳೆಯುತ್ತಾರೆ, ಸಿಬ್ಬಂದಿಯೂ ಬೆಳೆಯಬೇಕು. ಹಾಗಾದರೆ ಆದಾಯವೂ ತಾನಾಗಿ ಬೆಳೆಯುವಂಥದ್ದಾಗಿರಬೇಕು. 1950ರಲ್ಲಿ ಅವರು ಇಡೀ ದೇಶಕ್ಕೆ ಮೂವತ್ತು ವರ್ಷಗಳ ಗ್ರಂಥಾಲಯ ಯೋಜನೆಯೊಂದನ್ನು, ಕಾಯ್ದೆಗಳ ಕರಡಿನ ಸಮೇತ, ಬರೆದಿಟ್ಟರು. ಪಂಚವಾರ್ಷಿಕ ಯೋಜನೆಗಳೇ ಇನ್ನೂ ಶುರುವಾಗಿರದ ಕಾಲವದು.

ಮೂವತ್ತು ವರ್ಷ ಏಕೆ ಬೇಕು? ಗ್ರಂಥಪಾಲಕರನ್ನು ತಯಾರು ಮಾಡುವುದಕ್ಕೇ ವರ್ಷಗಳು ಹಿಡಿಯುತ್ತವೆ. ಅವರನ್ನು ತಯಾರು ಮಾಡದೆ ಶಾಖೆ ತೆರೆದರೆ ಅದು ಪುಸ್ತಕದ ಗೋದಾಮು. ಶಾಖೆಗಳನ್ನು ಒಮ್ಮೆಗೇ ತೆರೆದುಬಿಟ್ಟರೆ ಎಲ್ಲ ಪುಸ್ತಕಗಳೂ ಒಟ್ಟಿಗೇ ಹಳತಾಗುತ್ತವೆ, ಎಲ್ಲ ಮಾಡುಗಳೂ ಒಟ್ಟಿಗೇ ಸೋರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯನ್ನು ಹಾಕುವುದರಲ್ಲೇ ಯೋಜಕನ ಕೈಚಳಕ ಇರುವುದು.

ಇಂತಿಷ್ಟು ಲಕ್ಷ ಎಂದು ಗೊತ್ತುಮಾಡದೆ ತೆರಿಗೆಯಲ್ಲಿ ಇಂತಿಷ್ಟು ಪಾಲು ಎಂದದ್ದರ ಮರ್ಮವೂ ಇದೇ. ಗೊತ್ತುಮಾಡಿದ ಮೊತ್ತವನ್ನು ಬೆಲೆಯೇರಿಕೆ ತಿಂದುಹಾಕುತ್ತದೆ. ಪಾಲು ಹಾಗಲ್ಲ. ಊರಂಚಿನಲ್ಲಿ ಹೊಸ ಬಡಾವಣೆ ಎದ್ದರೆ ಅಲ್ಲಿನ ಮನೆಗಳಿಂದ ತೆರಿಗೆ ಬರುತ್ತದೆ, ಅದರ ಜೊತೆಗೆ ಅಲ್ಲಿನ ಮಕ್ಕಳಿಗೊಂದು ಶಾಖೆ ತೆರೆಯುವ ಹಣವೂ ಬರುತ್ತದೆ. ಕೆರೆ ಕಟ್ಟುವಾಗಲೇ ಅದಕ್ಕೆ ನೀರು ತರುವ ಕಾಲುವೆಯನ್ನೂ ತೋಡಿಟ್ಟ ಹಾಗೆ.

1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ರಂಗನಾಥನ್‌ರ ದುಡಿಮೆಯಿತ್ತು. ಆಗಿನ ಮೈಸೂರು ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲೂ ಅವರ ಚಿಂತನೆಯ ಗುರುತುಗಳು ಕಾಣುತ್ತವೆ. ನಗರ ಗ್ರಂಥಾಲಯಗಳ ನೌಕರರ ಸಂಬಳವನ್ನು ಸರ್ಕಾರ ತನ್ನ ಬೊಕ್ಕಸದಿಂದ ಕೊಡುವುದು, ಕರದ ಹಣ ಪುಸ್ತಕ, ಪತ್ರಿಕೆ, ಬಾಡಿಗೆ, ಕಟ್ಟಡಗಳಿಗೆ ಹೋಗುವುದು, ಇದು ಇಲ್ಲಿನ ಏರ್ಪಾಡು. ನನ್ನ ಮಟ್ಟಿಗೆ ಇದು ಬಹಳ ವಿವೇಕದ್ದು. ಸಂಬಳವೂ ಪುಸ್ತಕವೂ ಒಂದೇ ಗಂಟಿನಿಂದ ಬರುವಲ್ಲಿ, ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಪುಸ್ತಕ. ಕಬ್ಬನ್ ಪಾರ್ಕಿನಲ್ಲಿ 1915ರಲ್ಲಿ ಆರಂಭವಾದ ಗ್ರಂಥಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕದ ಆ ಕೆಂಪು ಕಟ್ಟಡದ್ದು, ಈ ಕಾಯ್ದೆ ಬಂದ ಮೇಲೆಯೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು.

ಏರ್ಪಾಡಿನ ದುರ್ಬಲ ಕೊಂಡಿ ಒಂದಿದೆ. ಕರ ವಸೂಲು ಮಾಡುವುದು ಪಾಲಿಕೆ, ಖರ್ಚು ಮಾಡುವುದು ಗ್ರಂಥಾಲಯ. ನಡುವಿನ ವರ್ಗಾವಣೆ ತಡವಾದರೆ ಬಾಕಿ ಬೆಳೆಯುತ್ತದೆ, ಬೆಳೆದೂ ಇದೆ. ಅದರ ಪೆಟ್ಟು ಓದುಗನಿಗೆ ಮಾತ್ರವಲ್ಲ. ಕನ್ನಡದ ಸಣ್ಣ ಪ್ರಕಾಶಕರಲ್ಲಿ ಅನೇಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಯೇ ಮೊದಲ ಮುದ್ರಣಕ್ಕೆ ಕೈ ಹಾಕುವವರು. ಆ ಖರೀದಿ ಒಂದು ವರ್ಷ ತಪ್ಪಿದರೆ ಕವಿತೆ, ವಿಮರ್ಶೆಯಂಥ ಪುಸ್ತಕಗಳೇ ಮೊದಲು ಹಿಂದೆ ಬೀಳುತ್ತವೆ. ಮನೆತೆರಿಗೆಯ ಆರು ಪೈಸೆಗೂ ಕನ್ನಡದಲ್ಲಿ ಏನು ಅಚ್ಚಾಗುತ್ತದೆ ಎಂಬುದಕ್ಕೂ ಇಷ್ಟು ನೇರ ನಂಟಿದೆ.

ಹಳ್ಳಿಯ ಲೆಕ್ಕ ಬೇರೆ. ಅಲ್ಲಿ ಮನೆತೆರಿಗೆಯೇ ಸಣ್ಣದು, ಅದರ ಪಾಲು ಇನ್ನೂ ಸಣ್ಣದು. ಬರೋಡಾದ ಅರಸರಾಗಿದ್ದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಕಟ್ಟಿದ ವ್ಯವಸ್ಥೆಯಲ್ಲಿ ಇದಕ್ಕೆ ಉತ್ತರವಿತ್ತು: ಊರಿನವರು ಕೂಡಿಸಿದಷ್ಟನ್ನೇ ಸ್ಥಳೀಯ ಮಂಡಳಿಯೂ ಹಾಕಬೇಕು, ಸಂಸ್ಥಾನವೂ ಹಾಕಬೇಕು. ಕರ್ನಾಟಕ ಹಿಡಿದ ದಾರಿ ಬೇರೆ: ಇಲ್ಲಿನ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಕರ ಎತ್ತುವ ಪಂಚಾಯಿತಿಯೇ ಈಗ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿರುವುದರಿಂದ ವಸೂಲಿಯೂ ಖರ್ಚೂ ಒಂದೇ ಸೂರಿನಡಿ ಬಂದಿವೆ. ಈ ವರ್ಷ ಎಷ್ಟು ಕರ ಬಂತು, ಯಾವ ಪುಸ್ತಕ ತಂದಿರಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು; ಉತ್ತರ ಹೇಳಬೇಕಾದವರು ಎದುರಿಗೇ ಕುಳಿತಿರುತ್ತಾರೆ.